ಪ್ಲಾಸ್ಮಾನ್ ಎಂಬ ಏಕವಚನ

ಸೇನೆಯಲ್ಲಿ ಸಾವಿರಾರು ಭಟರಿದ್ದರೂ ‘ಸೇನೆ ಬಂದಿತು’ ಎಂದೇ ಹೇಳುವುದು ವಾಡಿಕೆ. ಸಮೂಹವಾಚಕವಾದ ಪದಕ್ಕೆ ಕ್ರಿಯಾಪದವು ಏಕವಚನದಲ್ಲಿಯೇ ನಿಲ್ಲುತ್ತದೆ. ಭೌತವಿಜ್ಞಾನಿಗಳು ರೂಢಿಗೆ ತಂದಿರುವ ‘ಪ್ಲಾಸ್ಮಾನ್’ ಎಂಬುದೂ ಅಂತಹುದೇ ಪದ. ಅದು ಎಲೆಕ್ಟ್ರಾನಿನಂತೆ ಬಿಡಿಯಾದ ಕಣವಲ್ಲ. ಅಸಂಖ್ಯ ಎಲೆಕ್ಟ್ರಾನುಗಳು ಒಡಗೂಡಿ ತೂಗುವ ತೂಗಾಟದ ಹೆಸರು.

ಎಲೆಕ್ಟ್ರಾನುಗಳೆಲ್ಲವೂ ಋಣವಿದ್ಯುದಂಶವುಳ್ಳವಾದ್ದರಿಂದ ಒಂದನ್ನೊಂದು ದೂಡುತ್ತವೆ. ಲೋಹದಲ್ಲಿ ಒಂದೆಡೆ ಅವು ದಟ್ಟವಾದೊಡನೆ ಚದುರತೊಡಗುತ್ತವೆ. ಚದುರುವ ರಭಸದಲ್ಲಿ ಸಮಸ್ಥಿತಿಯನ್ನು ಮೀರಿ ಮತ್ತೊಂದೆಡೆ ದಟ್ಟವಾಗುತ್ತವೆ. ಹೀಗೆ ಅಲೆ ಹುಟ್ಟುತ್ತದೆ. ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್ ಅವರು 1950ರ ದಶಕದ ಆದಿಭಾಗದಲ್ಲಿ ಇದಕ್ಕೆ ಗಣಿತದ ರೂಪವನ್ನಿತ್ತರು. ಮೇಲ್ಮೈಗೇ ಸೇರಿದ ಅಲೆಯೂ ಉಂಟೆಂಬುದನ್ನು 1957ರಲ್ಲಿ ರೂಫಸ್ ರಿಚಿ ಊಹಿಸಿದರು.

ಈ ಶತಮಾನದಲ್ಲಿ ಆ ಅಲೆಗೆ ವಿಚಿತ್ರವಾದ ನೆಲೆಯೊಂದು ದೊರೆಯಿತು. ‘ಟೋಪಾಲಜಿಕಲ್ ಇನ್ಸುಲೇಟರ್’ ಎಂಬ ವರ್ಗದ ಹರಳುಗಳಲ್ಲಿ ಒಡಲು ವಿದ್ಯುನ್ನಿರೋಧಕ, ಮೇಲ್ಮೈ ಮಾತ್ರ ವಾಹಕ. ಇದು ಹೊರಗಿನಿಂದ ಬಳಿದ ಲೇಪವಲ್ಲ. ಹರಳನ್ನು ಸೀಳಿದರೆ ಹೊಸದಾಗಿ ತೆರೆದ ಮುಖವೂ ವಾಹಕವೇ. 2009ರಲ್ಲಿ ಈ ವರ್ಗಕ್ಕೆ ಸೇರಿದುದೆಂದು ಗುರುತಿಸಲ್ಪಟ್ಟ ಬಿಸ್ಮತ್ ಸೆಲೆನೈಡ್ ಇದಕ್ಕೆ ಪ್ರಸಿದ್ಧ ನಿದರ್ಶನ. (ಶುದ್ಧ ಹರಳಿನ ಮಾತಿದು. ಸೆಲೆನಿಯಂ ಪರಮಾಣುಗಳ ಕೊರತೆಯುಂಟಾದರೆ ಒಡಲಲ್ಲಿಯೂ ವಿದ್ಯುತ್ತು ಹರಿದು ಪ್ರಯೋಗಕಾರರನ್ನು ಕಾಡುತ್ತದೆ.)

ಈ ಮೇಲ್ಮೈಯ ಎಲೆಕ್ಟ್ರಾನುಗಳಿಗೊಂದು ಕಟ್ಟುಪಾಡುಂಟು. ಪ್ರತಿಯೊಂದರ ಗಿರಕಿ, ಎಂದರೆ ಸ್ಪಿನ್, ಅದು ಚಲಿಸುವ ದಿಕ್ಕಿಗೆ ಅಡ್ಡವಾಗಿ ನಿಂತಿರುತ್ತದೆ; ಚಲನೆ ತಿರುಗಿದರೆ ಗಿರಕಿಯೂ ತಿರುಗುತ್ತದೆ. ಅರ್ಥವನ್ನು ತೊರೆದು ಶಬ್ದವು ನಡೆಯಲಾರದ ಹಾಗೆ. ಹಾಗಿದ್ದಮೇಲೆ ಎಲೆಕ್ಟ್ರಾನುಗಳ ಸಾಂದ್ರತೆ ತೂಗಾಡಿದಾಗ ಗಿರಕಿಯೂ ಜೊತೆಗೂಡಿ ತೂಗಲೇಬೇಕೆಂದು ಎಸ್. ರಘು, ಷೌಚೆಂಗ್ ಜಾಂಗ್ ಮೊದಲಾದವರು 2010ರಲ್ಲಿ ಪ್ರತಿಪಾದಿಸಿದರು. ಒಂದೇ ಅಲೆ, ಅದರಲ್ಲಿ ಎರಡು ಸಂಗತಿ!

ಪ್ರತಿಪಾದನೆ ಸೊಗಸಾದುದು, ಸಾಕ್ಷ್ಯವನ್ನು ತರುವುದು ಸುಲಭವಾಗಿರಲಿಲ್ಲ. ಬಯಲಿನಲ್ಲಿ ಸಾಗುವ ಬೆಳಕಿನ ಅಲೆ ಬಲು ಉದ್ದ, ಪ್ಲಾಸ್ಮಾನಿನ ಅಲೆ ಗಿಡ್ಡ; ನೇರವಾಗಿ ಬೆಳಕು ಬಿದ್ದರೆ ಅವೆರಡಕ್ಕೂ ಹೊಂದಿಕೆಯಿಲ್ಲ. ಡಿ ಪಿಯೆಟ್ರೊ, ಲುಪಿ ಮತ್ತವರ ಸಂಗಡಿಗರು ಬಿಸ್ಮತ್ ಸೆಲೆನೈಡಿನ ತೆಳುಪೊರೆಯನ್ನು ಮೈಕ್ರೋಮೀಟರ್ ಅಳತೆಯ ಪಟ್ಟಿಗಳಾಗಿ ಕೊರೆದು ಟೆರಾಹರ್ಟ್ಸ್ ಬೆಳಕನ್ನು ಹಾಯಿಸಿದರು. ಪಟ್ಟಿಯ ಅಗಲವೇ ಅಲೆಯ ಉದ್ದವನ್ನು ನಿಯಮಿಸಿತು. ಅಗಲ ನಾಲ್ಕು ಪಟ್ಟಾದರೆ ಆವೃತ್ತಿ ಅರ್ಧಕ್ಕಿಳಿಯಬೇಕೆಂಬುದು ಸಿದ್ಧಾಂತ; ಅಳತೆಗಳು ಅದರೊಡನೆ ಹೊಂದಿಕೊಂಡವು. 6 ಕೆಲ್ವಿನ್‌ನಿಂದ 300 ಕೆಲ್ವಿನ್‌ವರೆಗೆ ತಾಪವನ್ನೇರಿಸಿದರೂ ರೋಹಿತದಲ್ಲಿ ಪ್ಲಾಸ್ಮಾನ್ ರೇಖೆಯ ಅಗಲ ಬಹುಮಟ್ಟಿಗೆ ಬದಲಾಗಲಿಲ್ಲ. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೂ ಒಂದು ಮಾತನ್ನು ಹೇಳಲೇಬೇಕು. ಅಲ್ಲಿ ಬೆಳಕು ಕಂಡುದು ವಿದ್ಯುದಂಶದ ತೂಗಾಟವನ್ನು, ಗಿರಕಿಯನ್ನಲ್ಲ. ಗಿರಕಿ ಜೊತೆಗಿದೆಯೆಂಬುದು ಅನುಮಾನಪ್ರಮಾಣ, ಪ್ರತ್ಯಕ್ಷವಲ್ಲ. ಜನಪ್ರಿಯ ಬರಹಗಳು ಈ ಅಂತರವನ್ನು ಹಾರಿಬಿಡುವುದು ವಿಷಾದಕರ.

2017ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಗಿರ್ಷ್ ಬ್ಲೂಮ್‌ಬರ್ಗ್ ಮತ್ತು ಸಹೋದ್ಯೋಗಿಗಳು ಧ್ರುವೀಕೃತ ಬೆಳಕಿನ ರಾಮನ್ ಚದರಿಕೆಯಿಂದ ಅದೇ ಹರಳಿನ ಮೇಲ್ಮೈಯನ್ನು ಪರೀಕ್ಷಿಸಿದಾಗ 0.15 ಎಲೆಕ್ಟ್ರಾನ್ ವೋಲ್ಟ್ ಬಳಿ ಮೊನಚಾದ ಶಿಖರವೊಂದು ಕಂಡಿತು. ಅದು ಗಿರಕಿಗಳದೇ ಸಾಮೂಹಿಕ ಅಲೆಯೆಂದು ಅವರು ನಿರ್ಣಯಿಸಿದರು. ಗಿರಕಿಗೂ ಚಲನೆಗೂ ಇರುವ ಬಂಧವೇ ಅಲ್ಲಿ ಕಾಂತಕ್ಷೇತ್ರದ ಕೆಲಸವನ್ನು ಮಾಡುತ್ತದೆ. ಆದರೆ ಇದು 2010ರಲ್ಲಿ ಹೇಳಿದ ಜೋಡಿ ಅಲೆಯಲ್ಲ, ಪ್ಲಾಸ್ಮಾನೂ ಅಲ್ಲ. ಅದೇ ಸಮೂಹದ ಇನ್ನೊಂದು ಏಕವಚನ.