ಎರಡನೇ ಜಿಗಿತ

ಹುಡುಗನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ‘ಕೈ ಪೂರ್ತಿ ಚಾಚೋ, ಹಿಮ್ಮಡಿ ಎತ್ಬೇಡ’ ಅನ್ನುವುದು ಮೊದಲ ಕೆಲಸ. ಅಲ್ಲೊಂದು ಗುರುತು. ನಿಂತಲ್ಲಿಂದಲೇ ಜಿಗಿದು ಇನ್ನೊಂದು ಗುರುತು. ನಡುವಿನ ಅಂತರವೇ ಅವನ ಜಿಗಿತ. ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯನ್ನು ನಾವು ಜ್ಞಾನಭಾರತಿ ಆವರಣದಲ್ಲಿ 1990ರ ದಶಕದಲ್ಲಿಯೂ ಹಾಗೇ ನಡೆಸುತ್ತಿದ್ದೆವು. ಅಂತರ ಕಾಲೇಜು ಪಂದ್ಯಗಳು ಮುಗಿದ ಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹುಡುಗರನ್ನು ಆರಿಸುವ ಹೊತ್ತು. ಟೇಪು ಹಿಡಿಯುವ ಕೆಲಸ ನನ್ನದು. ಜಾಣ ಹುಡುಗರು ಮೊದಲ ಗುರುತಿನಲ್ಲೇ ಭುಜ ಕುಗ್ಗಿಸಿ ಎರಡು ಇಂಚು ಉಳಿಸಿಕೊಳ್ಳುತ್ತಿದ್ದರು. ಅದಕ್ಕೇ ನಮ್ಮ ಹಿರಿಯ ಕೋಚ್ ಕಣ್ಣಿಡುತ್ತಿದ್ದುದು ಭುಜದ ಮೇಲೆ. ಜಿಗಿದ ಮೇಲೆ ಅವರು ಗೋಡೆಯ ಕಡೆ ತಿರುಗುತ್ತಲೂ ಇರಲಿಲ್ಲ. ಹುಡುಗ ಹೇಗೆ ನೆಲಕ್ಕಿಳಿದ ಎಂಬುದೊಂದೇ ಅವರಿಗೆ ಬೇಕಿತ್ತು.

ಆಗ ಆವರಣದ ಪಕ್ಕದ ಮಲ್ಲತ್ತಹಳ್ಳಿ ಹೆಸರಿಗೆ ತಕ್ಕಂತೆ ಹಳ್ಳಿಯೇ. ಕೆರೆ, ಹೊಲ, ಸಂಜೆಯಾದರೆ ಬಸ್ಸಿಗಾಗಿ ಉದ್ದ ಕಾಯುವುದು. ವಿಶ್ವವಿದ್ಯಾಲಯದ ಆವರಣದಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇದ್ದುದರಿಂದ ಟ್ರ್ಯಾಕ್‌ಸೂಟ್ ತೊಟ್ಟವರು ಇಲ್ಲಿನವರಿಗೆ ಹೊಸಬರೇನೂ ಆಗಿರಲಿಲ್ಲ. ಈಗ ಅಂಬೇಡ್ಕರ್ ಎಂಜಿನಿಯರಿಂಗ್ ಕಾಲೇಜು, ಕಲಾಗ್ರಾಮ, ಸಾಲು ಸಾಲು ಅಪಾರ್ಟ್‌ಮೆಂಟು. 2021ರಿಂದ ಮೈಸೂರು ರಸ್ತೆಯ ಮೇಲೆ ಜ್ಞಾನಭಾರತಿ ಮೆಟ್ರೊ ನಿಲ್ದಾಣ ಬೇರೆ.

ಆ ಆಯ್ಕೆಗಳಲ್ಲಿ ಓಟದ ಲೆಕ್ಕ ಜಿಗಿತಕ್ಕಿಂತ ಕಷ್ಟದ್ದು. 30 ಮೀಟರ್ ಓಟಕ್ಕೆ ಕೈಯಲ್ಲಿ ಸ್ಟಾಪ್‌ವಾಚು ಒತ್ತಿದರೆ 0.2 ಸೆಕೆಂಡಿನ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಸೆಕೆಂಡಿಗೆ 7 ಮೀಟರ್ ಓಡುವವನಿಗೆ ಅದು ಒಂದು ಮೀಟರಿಗೂ ಮಿಕ್ಕಿದ ದೂರ. ಸಿಮೆಂಟ್ ಕೋರ್ಟಿನ ಮೇಲೆ ಧೂಳಿದ್ದರೆ ಷಟಲ್ ಓಟದಲ್ಲಿ ತಿರುಗುವ ಕಡೆ ಷೂ ಜಾರುತ್ತದೆ, ಒಳ್ಳೆಯ ಹುಡುಗ ನಿಧಾನದವನಾಗಿ ಕಾಣುತ್ತಾನೆ. ಹೀಗಾಗಿ ಪಟ್ಟಿಯಲ್ಲಿ ಬರೆದ ಅಂಕಿಗೆ ಯಾರೂ ಕಟ್ಟುಬೀಳುತ್ತಿರಲಿಲ್ಲ. ಆಯ್ಕೆ ನಡೆಯುತ್ತಿದ್ದುದು ಕಣ್ಣಿನಿಂದ. ಆ ಕಣ್ಣು ಬಹಳ ಸಲ ಎತ್ತರದ ಕಡೆಗೇ ಹೋಗುತ್ತಿತ್ತು.

ಆಟವೂ ಬದಲಾಯಿತು. 2000ದಲ್ಲಿ ದಾಳಿಯ ಅವಧಿ 30 ಸೆಕೆಂಡಿನಿಂದ 24ಕ್ಕೆ ಇಳಿಯಿತು. 2010ರಲ್ಲಿ ಮೂರು ಅಂಕದ ಗೆರೆ 6.25 ಮೀಟರಿನಿಂದ 6.75ಕ್ಕೆ ಹಿಂದೆ ಸರಿಯಿತು, ರಿಂಗಿನ ಕೆಳಗಿನ ತ್ರಾಪಿಜ್ಯಾಕಾರದ ಜಾಗ ಆಯತವಾಯಿತು. ಒಳಗೆ ನಿಂತು ಚೆಂಡಿಗೆ ಕಾಯುತ್ತಿದ್ದ ಎತ್ತರದವನು ಈಗ ಹೊರಗೆ ಓಡಿ ಶೂಟರನ್ನು ತಡೆದು, ಮತ್ತೆ ಒಳಗೆ ಬಂದು ರೀಬೌಂಡಿಗೆ ಏಳಬೇಕು. ಗೋಡೆಯ ಮೇಲಿನ ಒಂದೇ ಜಿಗಿತ ಇದನ್ನು ಹೇಳಲಾರದು.

ಅದನ್ನು ಹೇಳಬಲ್ಲ ವಿಡಿಯೊ ನಮ್ಮ ಕೈಗೆ ಮೊದಲು ಬಂದದ್ದು ಮದುವೆ ಕ್ಯಾಮೆರಾದವರ ಮೂಲಕ. ಫೈನಲ್ ಪಂದ್ಯಕ್ಕೆ ಯಾರೋ ಪೋಷಕರು ಅವರನ್ನು ಕರೆಸುತ್ತಿದ್ದರು, ಕ್ಯಾಸೆಟ್ಟು ಕೈಯಿಂದ ಕೈಗೆ ಓಡಾಡುತ್ತಿತ್ತು. ಪಾಪ, ಕ್ಯಾಮೆರಾದವರು ಚೆಂಡನ್ನು ಬಿಟ್ಟು ಬೇರೇನನ್ನೂ ಹಿಂಬಾಲಿಸುತ್ತಿರಲಿಲ್ಲ. ಆದರೆ ಆಟಗಾರನ ದೇಹ ಏನೆಂದು ತಿಳಿಯುವುದು ಚೆಂಡು ಅವನ ಹತ್ತಿರ ಇಲ್ಲದಾಗ: ಪಾಯಿಂಟ್ ಹೋದ ಮೇಲೆ ಹಿಂದಕ್ಕೆ ಓಡುತ್ತಾನೋ ನಡೆಯುತ್ತಾನೋ, ಪೂರ್ತಿ ವೇಗದಿಂದ ನಿಲ್ಲಲು ಎಷ್ಟು ಹೆಜ್ಜೆ ಬೇಕು, ಡಿಫೆನ್ಸಿನಲ್ಲಿ ಸೊಂಟ ತಗ್ಗುತ್ತದೋ ಬೆನ್ನು ಮಾತ್ರ ಬಾಗುತ್ತದೋ.

2015ರಲ್ಲಿ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು ಅಮೆರಿಕದ ಎನ್‌ಬಿಎ ತಂಡ ಡಲ್ಲಾಸ್ ಮಾವೆರಿಕ್ಸ್ ಆರಿಸಿಕೊಂಡಿತು. 7 ಅಡಿ 2 ಇಂಚಿನ ಆಳು. ಆಮೇಲೆ ಬಂದ ಪೋಷಕರೆಲ್ಲ ಮೊದಲು ಹೇಳುತ್ತಿದ್ದುದು ಮಗನ ಹೈಟು. ಅವರಿಗೆ ನಾನು ಕೇಳುತ್ತಿದ್ದ ಪ್ರಶ್ನೆ: ಹೋದ ವರ್ಷ ಎಷ್ಟಿದ್ದ? ಹೆಣ್ಣುಮಕ್ಕಳು ಸುಮಾರು 12ರಲ್ಲಿ, ಗಂಡುಮಕ್ಕಳು ಸುಮಾರು 14ರಲ್ಲಿ ಭರದಿಂದ ಬೆಳೆಯುತ್ತಾರೆ. 13ರಲ್ಲೇ ಬೆಳೆದು ನಿಂತವನು ತನ್ನ ವಯಸ್ಸಿನವರನ್ನೆಲ್ಲ ಸೋಲಿಸುತ್ತಾನೆ, 16ರ ಹೊತ್ತಿಗೆ ಉಳಿದವರು ಅವನ ಸಮಕ್ಕೆ ಬಂದಿರುತ್ತಾರೆ. ತಡವಾಗಿ ಬೆಳೆಯುವ ಹುಡುಗನನ್ನು ಒಂದೇ ದಿನದ ಟ್ರಯಲ್ಸಿನಲ್ಲಿ ಮನೆಗೆ ಕಳಿಸುವುದು ಈ ಕಸುಬಿನ ದೊಡ್ಡ ಅನ್ಯಾಯ, ಇಂದಿಗೂ ನಡೆಯುತ್ತಿದೆ.

ಹಾಗಂತ ಪರೀಕ್ಷೆಯೇ ಬೇಡ ಅನ್ನುವವರ ಜೊತೆ ನಾನಿಲ್ಲ. 2007ರಲ್ಲಿ ಎನ್‌ಬಿಎ ಆಯ್ಕೆಗೆ ಮುಂಚಿನ ಪರೀಕ್ಷೆಯಲ್ಲಿ ಕೆವಿನ್ ಡ್ಯುರಾಂಟ್‌ಗೆ 185 ಪೌಂಡಿನ ಭಾರವನ್ನು ಮಲಗಿ ಒಂದು ಸಲವೂ ಎತ್ತಲಾಗಲಿಲ್ಲ, ಆದರೂ ಎರಡನೆಯವರಾಗಿ ಆಯ್ಕೆಯಾದರು ಎಂಬ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅದರಿಂದ ತಿಳಿಯುವುದು ಆ ಒಂದು ಪರೀಕ್ಷೆ ಆ ಆಟಗಾರನಿಗೆ ಸಂಬಂಧಿಸಿದ್ದಲ್ಲ ಎಂಬುದಷ್ಟೇ. ದೇಹದ ಅಳತೆ ಏಕೆ ಬೇಕೆಂಬುದನ್ನು ನಾನು ಕಂಡದ್ದು ಬೆಂಗಳೂರಲ್ಲೇ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಮೇಲಿನ ವಿಭಾಗಕ್ಕೆ ಏರಿದರು. ಗಂಟಲು ಬಿದ್ದುಹೋಗುವಷ್ಟು ಕೂಗಿದೆ. 2019ರಲ್ಲಿ ಅದೇ ಅಂಗಳದಲ್ಲಿ ಜಪಾನ್ ಎದುರು ದೊಡ್ಡ ಅಂತರದ ಸೋಲು. ಆ ಜಪಾನಿನವರು ಫೈನಲ್‌ನಲ್ಲಿ ತಮಗಿಂತ ಎತ್ತರದ ಚೀನಾವನ್ನೂ ಮಣಿಸಿದರು. ನಾನು ಅಂದು ಅವರ ಪಾದಗಳನ್ನೇ ನೋಡುತ್ತ ಕೂತೆ. ನಿಲ್ಲುವುದು, ತಿರುಗುವುದು, ಮತ್ತೆ ಹೊರಡುವುದು, ನಾಲ್ಕನೇ ಕ್ವಾರ್ಟರಿನಲ್ಲೂ ಮೊದಲನೆಯದರಂತೆ. ಅಷ್ಟು ಕಾಲು ಇಲ್ಲದವರಿಗೆ ಆ ಮಟ್ಟದಲ್ಲಿ ಆಟದ ಬುದ್ಧಿ ಎಷ್ಟಿದ್ದರೂ ಸಾಲದು.

ಈಗ ಅಳತೆ ಮತ್ತು ವಿಡಿಯೊ ಒಂದೇ ಫೋನಿನಲ್ಲಿವೆ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್ ಇಟ್ಟು, ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ಮುಟ್ಟುವವರೆಗೆ ಚಿತ್ರ ಎಣಿಸುತ್ತೇನೆ. 144 ಬಂದರೆ 0.6 ಸೆಕೆಂಡ್. ಅದನ್ನು ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಸುಮಾರು 44 ಸೆಂಟಿಮೀಟರ್ ಜಿಗಿತ. ಇಳಿಯುವಾಗ ಮಂಡಿ ಮಡಚಿದರೆ ಲೆಕ್ಕ ಸುಳ್ಳಾಗಿ ಏರುತ್ತದೆ, ಭುಜ ಕುಗ್ಗಿಸುವ ಹಳೆಯ ಜಾಣತನದ ಹೊಸ ರೂಪ ಅದು. ಇದೇ ಎಣಿಕೆಯನ್ನು ಪಂದ್ಯದಲ್ಲೂ ಮಾಡಬಹುದು ಎಂಬುದೇ ನನಗೆ ಸಂಭ್ರಮ. ಪರೀಕ್ಷೆಯಲ್ಲಿ 44 ಸೆಂಟಿಮೀಟರ್ ಹಾರಿದ ಹುಡುಗ ಮೂರನೇ ಕ್ವಾರ್ಟರಿನಲ್ಲಿ, ಮೊದಲ ರೀಬೌಂಡಿಗೆ ಏಳುವಾಗ ತಳ್ಳಿಸಿಕೊಂಡು, ಎರಡನೇ ಸಲ ಎದ್ದಾಗ 26ಕ್ಕೆ ಇಳಿದಿದ್ದ. ಪರೀಕ್ಷೆಯಲ್ಲಿ 38 ಹಾರಿದ ಇನ್ನೊಬ್ಬ ಎರಡನೇ ಸಲವೂ 35 ಏರಿದ್ದ, ಅದೂ ಮೊದಲನೆಯವನ ಅರ್ಧದಷ್ಟು ಸಮಯದಲ್ಲೇ ಮತ್ತೆ ನೆಲ ಬಿಟ್ಟು. ನಾನಾದರೆ ಎರಡನೆಯವನನ್ನು ಇಂದು ಆಡಿಸುತ್ತೇನೆ, ಮೊದಲನೆಯವನಿಗೆ ಕಾಲಿನ ಬಲ ಮತ್ತು ದಮ್ಮು ಕಟ್ಟಿಸುತ್ತೇನೆ. ಇಬ್ಬರನ್ನೂ ಬಿಡುವುದಿಲ್ಲ.

‘ಸಾರ್, ನಮ್ ಹುಡ್ಗ ರಿಂಗ್ ಮುಟ್ತಾನೆ ನೋಡಿ’ ಎಂದು ವಾಟ್ಸ್ಯಾಪಿನಲ್ಲಿ ಹಾಡು ಸೇರಿಸಿದ ತುಣುಕುಗಳು ಬರುತ್ತಲೇ ಇರುತ್ತವೆ. ಒಂದು ಪೂರ್ತಿ ಕ್ವಾರ್ಟರ್ ಕಳಿಸಿ, ಮಧ್ಯ ಗೆರೆಯ ಎದುರು ಫೋನನ್ನು ಎತ್ತರದಲ್ಲಿ ಇಟ್ಟು ಅಲ್ಲಾಡಿಸದೆ ತೆಗೆಯಿರಿ, ಸೋತ ಪಂದ್ಯವಾದರೆ ಇನ್ನೂ ಒಳ್ಳೆಯದು ಎಂದು ಉತ್ತರಿಸುತ್ತೇನೆ.

ಹಾಗೆ ಕಳಿಸಿದವರಲ್ಲಿ ನಮ್ಮ ಬಡಾವಣೆಯ ಒಬ್ಬ ಹುಡುಗಿಯ ತಾಯಿಯೂ ಇದ್ದರು. ಮಗಳ ಅಳತೆಗಳೆಲ್ಲ ಚೆನ್ನಾಗಿದ್ದವು. ಲೇಅಪ್ ಹಾಕಿ ಒಂಟಿ ಕಾಲಿನ ಮೇಲೆ ಇಳಿದಾಗಲೆಲ್ಲ ಅವಳ ಎಡ ಮಂಡಿ ಒಳಕ್ಕೆ ಬಾಗುತ್ತಿತ್ತು. ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವುದು ಹೆಣ್ಣುಮಕ್ಕಳಲ್ಲಿ ಹುಡುಗರಿಗಿಂತ ಹೆಚ್ಚು, ಹರಿಯುವುದೂ ಹಲವು ಸಲ ಇಂಥ ಇಳಿತದಲ್ಲೇ. ತಾಯಿಗೆ ಚಿತ್ರ ನಿಲ್ಲಿಸಿ ತೋರಿಸಿದೆ. ಈಗ ವಾರಕ್ಕೆ ಮೂರು ಸಂಜೆ ಅವಳಿಗೆ ಚೆಂಡಿಲ್ಲ. ಕಡಿಮೆ ಎತ್ತರದ ಪೆಟ್ಟಿಗೆಯಿಂದ ಇಳಿಯುವುದು, ಮಂಡಿ ಕಾಲ್ಬೆರಳ ನೇರಕ್ಕೆ ನಿಲ್ಲಿಸುವುದು, ಮತ್ತೆ ಹತ್ತುವುದು. ಬೇಜಾರಾಗಿದ್ದಾಳೆ, ಆದರೆ ಒಂದು ಸಂಜೆಯೂ ತಪ್ಪಿಸಿಲ್ಲ. ಜಿಲ್ಲಾ ಟ್ರಯಲ್ಸಿಗೆ ಮುಂಚೆ ಇನ್ನೊಮ್ಮೆ ಚಿತ್ರ ತೆಗೆಯುತ್ತೇವೆ.