ಸಂದಿಯಲ್ಲೊಂದು ಆನೆ

ಹೆಸರು ಹಿಮಾಲಯನ್, ಹುಟ್ಟಿದ್ದು ಇಲ್ಲೇ ಚೆನ್ನೈ ಪಕ್ಕ, ಇರೋದು ಪಶ್ಚಿಮ ಮಾಂಬಲದ ನಮ್ಮ ಸಂದಿಯಲ್ಲಿ. 2021ರಲ್ಲಿ ಕೊಂಡಿದ್ದು. 411 ಸಿಸಿ, 199 ಕೆಜಿ. ಓಡುವಾಗ ಹೂವು, ನಿಂತರೆ ಆನೆ! ಮೇ ತಿಂಗಳ ಸಿಗ್ನಲ್ಲುಗಳಲ್ಲಂತೂ ಮೇಲೂ ಬಿಸಿಲು, ಕೆಳಗೂ ಬಿಸಿಲು.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೀರು ಗೇಟು ದಾಟಿತು. ಗಾಡಿಯನ್ನು ಮೇಲಕ್ಕೆ ಹತ್ತಿಸೋಕೆ ಹೋಗಿ ಬೆನ್ನು ಹಿಡಿದುಕೊಂಡಿತು. ವಾಚ್‌ಮನ್ ಬಂದು ಹಿಂದಿನಿಂದ ತಳ್ಳಿದರು. "ವಿತ್ತುಡುಂಗ ಸಾರ್" ಅಂದರು, ಮಾರಿಬಿಡಿ ಅಂತ. ಹೆಂಡತಿ ಹೇಳೋದೂ ಅದನ್ನೇ, ಕನ್ನಡದಲ್ಲಿ.

ಕೊಳ್ಳೋಕೆ ಒಬ್ಬ ಹುಡುಗ ಬಂದ. ಕೀ ಕೊಡುವಾಗ ನೆನಪಾಯ್ತು ನೋಡಿ... ಮೊದಲೆಲ್ಲ ಊರಿಗೆ ಹೋಗದಿರೋಕೆ ರೈಲು ಟಿಕೆಟ್ ಸಿಗಲಿಲ್ಲ ಅನ್ನೋ ನೆಪ ಇತ್ತು. ಇದು ಬಂದ ಮೇಲೆ ನಸುಕಿಗೆ ಹೊರಟು, ಕೃಷ್ಣಗಿರಿ, ಹೊಸೂರು ದಾಟಿ, ಊಟದ ಹೊತ್ತಿಗೆ ತುಮಕೂರು. ಬೀದಿ ತುದಿಯಲ್ಲಿ ಇದರ ಸದ್ದು ಕೇಳಿಯೇ ಅಮ್ಮ ಎಸರಿಡ್ತಾಳೆ.

ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆ.