ಮೆಟ್ರಿಯ ಗುಡಿಸು

ನಮ್ಮೂರು ಮೆಟ್ರಿ. ಕಂಪ್ಲಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಇಷ್ಟನ್ನು ಬೆಂಗಳೂರಿನಲ್ಲಿ ಒಂದೇ ಸಲಕ್ಕೆ ಅರ್ಥವಾಗುವಂತೆ ಹೇಳಲು ನನಗೆ ಇದುವರೆಗೂ ಸಾಧ್ಯವಾಗಿಲ್ಲ. ‘ಯಾವೂರು?’ ‘ಮೆಟ್ರಿ.’ ‘ಓ, ಮೆಟ್ರೊದಲ್ಲಿ ಕೆಲಸವಾ? ಒಳ್ಳೇದಾಯ್ತು ಬಿಡಿ.’ ಮೊದಲ ಬಾಡಿಗೆ ಮನೆಯ ಯಜಮಾನರು ಇದನ್ನೇ ನಂಬಿ ಅಡ್ವಾನ್ಸಿನಲ್ಲಿ ಐದು ಸಾವಿರ ಕಮ್ಮಿ ಮಾಡಿದ್ದರು. ನಾನೂ ತಿದ್ದಲು ಹೋಗಲಿಲ್ಲ. ತಪ್ಪು ಅವರದೂ ಅಲ್ಲ, ನನ್ನದೂ ಅಲ್ಲ, ಕಾಗುಣಿತದ್ದು. ಗುಡಿಸು ತೆಗೆದು ಒತ್ವ ಕೊಟ್ಟರೆ ನಮ್ಮ ಮೆಟ್ರಿ ಮೆಟ್ರೊ ಆಗಿಬಿಡುತ್ತದೆ. ಸಾವಿರಾರು ಕೋಟಿಯ ಸಾಲವೂ ಬೇಕಾಗಿಲ್ಲ.

ರಿಚ್ಮಂಡ್ ಟೌನಿನ ಆಲ್ ಸೇಂಟ್ಸ್ ಚರ್ಚಿನ ಪರಿಚಯವಾದದ್ದು ಬುತ್ತಿ ಬಿಚ್ಚಲು ನೆರಳು ಹುಡುಕುತ್ತಿದ್ದಾಗ. ಹೊಸೂರು ರಸ್ತೆಯ ಗದ್ದಲದಿಂದ ಒಳಗೆ ಹತ್ತು ಹೆಜ್ಜೆ ಇಟ್ಟರೆ ಸಾಕು, ಬಿಸಿಲೇ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು. ದೊಡ್ಡ ದೊಡ್ಡ ಮರಗಳು. ಅವುಗಳ ನಡುವೆ ಚೂಪು ಕಮಾನಿನ, ಸಂಕೋಚದ ಸ್ವಭಾವದ ಪುಟ್ಟ ಚರ್ಚು. ಕಟ್ಟಿದ್ದು 1870ರಲ್ಲಿ. ನಕಾಶೆ ಹಾಕಿದವನು ರಾಬರ್ಟ್ ಚಿಸಂ, ಮದ್ರಾಸಿನ ಸೆನೆಟ್ ಹೌಸ್ ಕಟ್ಟಿದವನು. 1953ರ ಅಕ್ಟೋಬರ್ ಒಂದರವರೆಗೆ ನಮ್ಮ ಜಿಲ್ಲೆಯೂ ಮದ್ರಾಸಿಗೇ ಸೇರಿತ್ತಲ್ಲ! ಹಾಗಾಗಿ ಚಿಸಂ ನನಗೆ ಎಷ್ಟೋ ಬೆಂಗಳೂರಿಗರಿಗಿಂತ ಹತ್ತಿರದವನು ಎಂದುಕೊಂಡು ಯಾರ ಅಪ್ಪಣೆಯನ್ನೂ ಕೇಳದೆ ಕಲ್ಲುಬೆಂಚಿನ ಮೇಲೆ ಕೂತೆ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ. ಯಾರೂ ಏಳಿಸಲಿಲ್ಲ.

ಆಮೇಲೆ ಮೆಟ್ರೊ ಬಂತು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ. ಸುಮಾರು 21 ಕಿಲೋಮೀಟರು, ಡೇರಿ ಸರ್ಕಲ್‌ನಿಂದ ಆಚೆಗೆಲ್ಲ ನೆಲದಡಿ. ಒಂದು ನಿಲ್ದಾಣ ಚರ್ಚಿನ ಮಗ್ಗುಲಲ್ಲೇ, ವೆಲ್ಲಾರ ಜಂಕ್ಷನ್ನಿನಲ್ಲಿ. ಅದಕ್ಕೆ ಚರ್ಚಿನ ಜಾಗದಲ್ಲೂ ಒಂದು ಪಾಲು ಬೇಕು ಎಂದರು. ಬೇಕೆಂದ ಕಡೆಯೇ ಹಳೆಯ ಮರಗಳಿದ್ದವು. ಆವರಣದಲ್ಲಿ ವಿಶೇಷ ಮಕ್ಕಳ ಶಾಲೆಯೂ ಇತ್ತು. 2019ರಲ್ಲಿ ಸಭೆಯವರು ಮರಗಳ ಕೆಳಗೇ ನಿಂತು ಪ್ರಾರ್ಥಿಸಿದರು. ಚರ್ಚಿನ ಮೆಟ್ಟಿಲನ್ನೇ ಹತ್ತದ ಊರಿನವರೂ ಬಂದು ಜೊತೆಗೆ ನಿಂತರು. ಈ ಮಾರ್ಗಕ್ಕೆ 50 ಕೋಟಿ ಯೂರೊ ಸಾಲ ಕೊಡಲು ಒಪ್ಪಿದ್ದದ್ದು ಯುರೋಪಿನ ಹೂಡಿಕೆ ಬ್ಯಾಂಕು. ದೂರು ಅಲ್ಲಿಗೇ ಹೋಯಿತು, ಲಕ್ಸೆಂಬರ್ಗಿಗೆ. ದೇವರಿಗೆ ಒಂದು ಅರ್ಜಿ, ಸಾಲ ಕೊಟ್ಟವರಿಗೆ ಇನ್ನೊಂದು. ಮಾತುಕತೆಯಾಗಿ, ನಕಾಶೆ ತಿದ್ದಿ, ಬೇಕೆಂದ ಜಾಗದ ಅಳತೆ ಇಳಿಯಿತು. ನಮ್ಮ ಕಡೆ ಬ್ಯಾಂಕಿನವರು ಮನೆ ಬಾಗಿಲಿಗೆ ಬಂದರೆ ಎತ್ತು ಹೊಡೆದುಕೊಂಡು ಹೋಗಲು ಬಂದರೆಂದೇ ಲೆಕ್ಕ. ಬ್ಯಾಂಕಿಗೆ ದೂರು ಕೊಟ್ಟು ಮರ ಉಳಿಸಿಕೊಳ್ಳಬಹುದೆಂದು ಊರಲ್ಲಿ ಹೇಳಿದಾಗ ಕಟ್ಟೆಯ ಮೇಲಿದ್ದವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಜಾಗ ಹೋಗುವುದು ಒಂದು ಕಷ್ಟ, ಜಾಗ ಉಳಿದೂ ಪಕ್ಕದಲ್ಲಿ ಇರಬೇಕಾದದ್ದು ಇನ್ನೊಂದು. ಇದನ್ನು ನನಗೆ ಮೊದಲು ಹೇಳಿದವನು ನಮ್ಮಜ್ಜ. ತುಂಗಭದ್ರಾ ಡ್ಯಾಮು ಕಟ್ಟುವಾಗ ಹೊಸಪೇಟೆಯಲ್ಲಿ ಗಾರೆ ಹೊತ್ತವನು. ಅದು ಸಿಮೆಂಟಿನ ಡ್ಯಾಮಲ್ಲ, ಕಲ್ಲು ಮತ್ತು ಸುರ್ಕಿ ಗಾರೆಯದು. 1945ರಲ್ಲಿ ಶುರುವಾಗಿ 1953ರವರೆಗೆ ನಡೆದ ಕೆಲಸ. ಹಳೆಯ ಮರಿಯಮ್ಮನಹಳ್ಳಿ, ನಾರಾಯಣದೇವರಕೆರೆ ಎಲ್ಲ ನೀರಿನ ಪಾಲಾದವು. ‘ಮುಳುಗಿದೋರ್ಗೆ ನಾಕು ರೊಕ್ಕನಾರ ಬಂತು. ಮಗ್ಗಲಾಗ ಇದ್ದೋರ್ಗೆ ಧೂಳು ಬಂತು’ ಎನ್ನುತ್ತಿದ್ದ. ಹಾಗೆಂದು ಡ್ಯಾಮನ್ನು ಯಾರಾದರೂ ಬೈದರೆ ಅವನು ಬಿಡುತ್ತಿರಲಿಲ್ಲ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟು ಕೊಚ್ಚಿಹೋದ ರಾತ್ರಿ ಅವನು ಬದುಕಿದ್ದರೆ, ‘ಗೇಟು ಕಬ್ಬಿಣದ್ದು, ನಮ್ಮ ಗಾರೆ ಏನಾರ ಹೋತೇನು?’ ಎಂದೇ ಕೇಳುತ್ತಿದ್ದ.

ಶಾಲೆಯ ಮಗ್ಗುಲಿನ ಸದ್ದು ಮಾತ್ರ ನನ್ನದೇ ಅನುಭವ. ನಾಲ್ಕನೇ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯ ಪಕ್ಕದ ಹೊಲಕ್ಕೆ ಬೋರ್ ಗಾಡಿ ಬಂತು. ಪೂಜೆ ಮಾಡಿ, ಕಾಯಿ ಒಡೆದು ಶುರು ಹಚ್ಚಿಕೊಂಡರು. ಕಿಟಕಿಯ ಸರಳು, ಸ್ಲೇಟು, ನಮ್ಮ ಹಲ್ಲು ಎಲ್ಲ ಒಂದೇ ತಾಳಕ್ಕೆ ಅದುರಿದವು. ಕಲ್ಲುಪುಡಿ ಗಿರಣಿಯ ಹಿಟ್ಟಿನ ಹಾಗೆ ತೇಲಿ ಬಂದು ಮೇಷ್ಟ್ರ ತಲೆಯನ್ನು ಒಂದು ಗಂಟೆಯಲ್ಲಿ ರಿಟೈರ್ಡ್ ಮೇಷ್ಟ್ರ ತಲೆ ಮಾಡಿತು. ಅವರು ಕಿಟಕಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದರು. ಒಂದು ರಾಡು ಇಳಿದ ಮೇಲೆ ಇನ್ನೊಂದನ್ನು ಜೋಡಿಸುವಾಗ ಎರಡು ನಿಮಿಷ ಸದ್ದು ನಿಲ್ಲುತ್ತದೆ ಎಂಬುದು ಅವರಿಗೆ ಹೊಳೆಯಿತು. ಅಲ್ಲಿಂದ ಪಾಠ ರಾಡಿನ ಲೆಕ್ಕಕ್ಕೆ ಬಿತ್ತು. ಸದ್ದು ನಿಂತ ಕೂಡಲೇ, ‘ಹನ್ನೆರಡೆಂಟ್ಲೆ?’ ನಾವು ಒಂದೇ ಉಸಿರಿಗೆ, ‘ತೊಂಬತ್ತಾರು!’ ಗಾಡಿ ಮತ್ತೆ ಗುಡುಗುವಷ್ಟರಲ್ಲಿ ಮಗ್ಗಿ ಒಂದು ಮೆಟ್ಟಿಲು ಮುಂದೆ. ಮುನ್ನೂರು ಅಡಿಗೂ ನೀರು ಬರಲಿಲ್ಲ. ನಮಗೆ ಮಾತ್ರ ಹದಿನಾರರ ಮಗ್ಗಿ ಬಂತು.

ಮೆಟ್ರೊದಲ್ಲಿ ಈ ಉಪಾಯ ನಡೆಯದು. ಅಲ್ಲಿ ರಾಡು ಬದಲಿಸುವ ಬಿಡುವೇ ಇಲ್ಲ. ಒಂದು ಯಂತ್ರ ಸುಮ್ಮನಾದರೆ ಇನ್ನೊಂದು ಬಾಯಿ ತೆರೆಯುತ್ತದೆ. ಸದ್ದನ್ನು ನಮ್ಮ ಹಾಗೆ ಆಟ ಮಾಡಿಕೊಳ್ಳಲಾಗದ, ಅದನ್ನು ಮೈಮೇಲೇ ಬಿದ್ದಂತೆ ಅನುಭವಿಸುವ ಮಕ್ಕಳಿರುತ್ತಾರೆ ಎಂಬುದು ನನಗೆ ತಿಳಿದದ್ದು ಚರ್ಚಿನ ಆ ಬೆಂಚಿನ ಮೇಲೆ ಕೂತ ಮೇಲೆಯೇ.

ಸುರಂಗ ಕೊರೆದ ಒಂಬತ್ತು ಯಂತ್ರಗಳಲ್ಲಿ ಎರಡರ ಹೆಸರು ತುಂಗಾ ಮತ್ತು ಭದ್ರಾ! ಪತ್ರಿಕೆಯಲ್ಲಿ ಓದಿ ನಾನು ಎದ್ದು ನಿಂತುಬಿಟ್ಟೆ. ನಮ್ಮ ಹೊಳೆ ನನ್ನನ್ನು ಹುಡುಕಿಕೊಂಡು ನೆಲದಡಿಯಲ್ಲೇ ಬೆಂಗಳೂರಿಗೆ ಬಂದ ಹಾಗೆ. ಅವು ಕೊರೆದದ್ದು ಚರ್ಚಿನ ಕೆಳಗಲ್ಲ, ಆ ತುದಿಯಲ್ಲಿ, ನಾಗವಾರದ ಕಡೆ. 2024ರ ಅಕ್ಟೋಬರ್ 30ರಂದು ಭದ್ರಾ ನಾಗವಾರದಲ್ಲಿ ಗೋಡೆ ಒಡೆದು ಹೊರಬಂದಾಗ ಈ ಮಾರ್ಗದ ಸುರಂಗದ ಕೆಲಸವೆಲ್ಲ ಮುಗಿಯಿತು. ಚರ್ಚಿನ ಮಗ್ಗುಲಿನ ನಿಲ್ದಾಣಕ್ಕೆ ಈಗ ಇಟ್ಟಿರುವ ಹೆಸರು ರಾಷ್ಟ್ರೀಯ ಮಿಲಿಟರಿ ಶಾಲೆ. ಅಂತೂ ಒಂದು ಶಾಲೆಗೆ ನ್ಯಾಯ ಸಿಕ್ಕಿತು, ಬೇರೆ ಶಾಲೆಗೆ.

ಈಚೆಗೆ ಒಂದು ಮಧ್ಯಾಹ್ನ ಮತ್ತೆ ಹೋಗಿದ್ದೆ. ಬೆಂಚಿನ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತಿತ್ತು. ಮೆಟ್ರಿ ಎಂದು ಬರೆದು ಗುಡಿಸಿನ ಸುರುಳಿಯನ್ನು ಚೆನ್ನಾಗಿ ತಿದ್ದಿದೆ. ವಯಸ್ಸಾದ ಹೆಂಗಸೊಬ್ಬರು ಕಡ್ಡಿಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದರು. ಗುಡಿಸಿದ ಜಾಗದ ಮೇಲೆ ಬೂದು ಧೂಳು ಸಾವಕಾಶವಾಗಿ ಇಳಿದು ಕೂರುವುದು ಬಿಸಿಲಿನ ಕೋಲಿನಲ್ಲಿ ಕಾಣುತ್ತಿತ್ತು. ಅವರೂ ಅದನ್ನು ನೋಡಿದರು, ಸೆರಗಿನಿಂದ ಬೆಂಚು ಒರೆಸಿಕೊಟ್ಟರು. ನಮ್ಮೂರು ಅಳಿಸಿಹೋಯಿತು.

‘ಯಾವೂರಪ್ಪ?’

‘ಮೆಟ್ರಿ, ಅಮ್ಮ.’

ಪೊರಕೆ ನಿಂತಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ, ರೊಟ್ಟಿಯ ಡಬ್ಬಿಯನ್ನೂ ಸೇರಿಸಿ ನೋಡಿದರು. ‘ಮೆಟ್ರೊದವ್ರಾ? ಅದೆಷ್ಟು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಯಾವಾಗ ಮುಗಿಸ್ತೀರಪ್ಪ?’

ಕಂಪ್ಲಿ ತಾಲ್ಲೂಕು, ಬಳ್ಳಾರಿ ಜಿಲ್ಲೆ ಎಂದು ಶುರುಮಾಡಬೇಕೆಂದಿದ್ದೆ. ಅವರು ಉತ್ತರಕ್ಕೆ ಕಾಯುತ್ತ ನಿಂತಿದ್ದರು.

‘ಇನ್ನೇನು ಮುಗೀತಾ ಬಂತು, ಅಮ್ಮ’ ಎಂದೆ.